ಯಂತ್ರಕ್ಕೆ ದುರಸ್ತಿಯುಂಟು, ಕಳೆದ ಲೆಕ್ಕಕ್ಕೆ?

ಹೊಳಲ್ಕೆರೆಯ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಕೊಯ್ಲಿನ ಕಾಲ, ತಿಂಗಳ 19ನೆಯ ತಾರೀಖು. ಮಾಸಿಕ ಜಿಎಸ್‌ಟಿ ವಿವರಪಟ್ಟಿ 3ಬಿ ಸಲ್ಲಿಸಲು ಮರುದಿನವೇ ಕೊನೆ. ಮಧ್ಯಾಹ್ನ ವಿದ್ಯುತ್ತು ಎರಡು ಬಾರಿ ಹೋಗಿ ಬಂದಿದೆ. ಗುಮಾಸ್ತರು ಗಣಕಯಂತ್ರದ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳ ಒಂದು ಸಾಲು ಮೂಡಿ ಅಲ್ಲಿಗೇ ನಿಂತುಬಿಡುತ್ತದೆ. ಸಂಜೆ ಬಂದ ದುರಸ್ತಿಗಾರ ಪೆಟ್ಟಿಗೆಯನ್ನು ಬಿಚ್ಚಿ ನೋಡಿ, “ವಿಂಡೋಸ್ ಹೋಗಿದೆ ಸಾವ್ಕಾರ್ರೆ, ಫಾರ್ಮ್ಯಾಟ್ ಮಾಡ್ಬೇಕು” ಎನ್ನುತ್ತಾನೆ. ಯಜಮಾನರು ಕೇಳುವ ಮೊದಲ ಪ್ರಶ್ನೆ “ಎಷ್ಟು ಖರ್ಚಾಗುತ್ತಪ್ಪಾ?” ಎಂಬುದು. ಅವರು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇದೆ: “ಒಳಗಿರುವ ಲೆಕ್ಕ ಏನಾಗುತ್ತದೆ?”

ಇಂತಹ ಪ್ರಸಂಗ ಯಾವ ಊರಿನ ಯಾವ ವರ್ತಕರಿಗೂ ಹೊಸದಲ್ಲ. ಕೆಟ್ಟ ಯಂತ್ರವನ್ನು ರಿಪೇರಿ ಮಾಡಿಸಬಹುದು, ಆಗದಿದ್ದರೆ ಹೊಸದನ್ನು ಕೊಳ್ಳಬಹುದು. ಅದರೊಳಗಿನ ಲೆಕ್ಕವನ್ನು ಮಾತ್ರ ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಆಸ್ತಿಪಟ್ಟಿಯಲ್ಲಿ ಗಣಕಯಂತ್ರಕ್ಕೆ ಒಂದು ಬೆಲೆಯನ್ನು ಬರೆದು ವರ್ಷವರ್ಷವೂ ಸವಕಳಿ ಕಳೆಯುತ್ತೇವೆ. ಅದರೊಳಗಿನ ಖಾತೆಗಳಿಗೆ ಬೆಲೆ ಕಟ್ಟುವ ಪದ್ಧತಿಯೇ ಇಲ್ಲ. ಹೀಗಾಗಿ ಅವುಗಳ ರಕ್ಷಣೆಗೆ ಖರ್ಚು ಮಾಡುವಾಗ ಕೈ ಹಿಂದೆಗೆಯುವುದು ವಾಡಿಕೆಯಾಗಿಬಿಟ್ಟಿದೆ.

ಜಾಲತಾಣದಲ್ಲಿ ಇರುವುದೆಷ್ಟು, ಇಲ್ಲದಿರುವುದೆಷ್ಟು?

“ಎಲ್ಲವೂ ಜಿಎಸ್‌ಟಿ ಜಾಲತಾಣದಲ್ಲಿದೆಯಲ್ಲ, ಅಲ್ಲಿಂದ ತೆಗೆದುಕೊಂಡರಾಯಿತು” ಎಂಬ ಸಮಾಧಾನ 2017ರ ಜುಲೈ 1ರ ನಂತರ ಅನೇಕರಲ್ಲಿ ನೆಲೆಯೂರಿದೆ. ಈ ನಂಬಿಕೆ ಅರ್ಧ ಸತ್ಯ ಮಾತ್ರ. ನೋಂದಾಯಿತ ವರ್ತಕರಿಗೆ ಮಾಡಿದ ಮಾರಾಟದ ಬಿಲ್ಲುಗಳು ನಮೂನೆ 1ರಲ್ಲಿ ಸಿಗುತ್ತವೆ. ನೋಂದಾಯಿತರಿಂದ ಮಾಡಿದ ಖರೀದಿಯ ವಿವರ ನಮೂನೆ 2ಬಿಯಲ್ಲಿ ಸಿಗುತ್ತದೆ. ಆದರೆ ಅಡಿಕೆ, ಕೊಬ್ಬರಿ, ಮೆಕ್ಕೆಜೋಳದ ವ್ಯಾಪಾರದಲ್ಲಿ ಖರೀದಿಯ ಬಹುಪಾಲು ರೈತರಿಂದಲೇ ಆಗುತ್ತದೆ. ತಾನು ಬೆಳೆದ ಬೆಳೆಯನ್ನು ಮಾರುವ ಕೃಷಿಕ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಆದ್ದರಿಂದ ಆತನ ಮಾಲಿನ ಖರೀದಿ 2ಬಿಯಲ್ಲಿ ಕಾಣಿಸುವ ಪ್ರಶ್ನೆಯೇ ಏಳದು.

ಇನ್ನು ತೋಟದ ಕೆಲಸಕ್ಕೆಂದು ರೈತರಿಗೆ ಕೊಟ್ಟ ಮುಂಗಡ, ಚಿಲ್ಲರೆ ವ್ಯಾಪಾರಿಗಳಿಂದ ಬರಬೇಕಾದ ಬಾಕಿ, ಕೈಯಲ್ಲಿರುವ ನಗದು, ಗೋದಾಮಿನಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆಬೇರೆಯಾಗಿ ಇರುವ ದಾಸ್ತಾನಿನ ತೂಕ, ಇವು ಸರ್ಕಾರದ ಯಾವ ಜಾಲತಾಣದಲ್ಲಿಯೂ ಇಲ್ಲ. ಭೀಮಸಮುದ್ರದ ಅಡಿಕೆ ವ್ಯಾಪಾರವಾಗಲಿ, ಹೊಸದುರ್ಗದ ತೆಂಗಿನ ವ್ಯಾಪಾರವಾಗಲಿ ನಡೆಯುವುದು ಈ ನಂಬಿಕೆಯ ಲೆಕ್ಕದ ಮೇಲೆಯೇ. ಹಿಂದಿನವರ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿ ಈ ವಿವರಗಳು ಅಚ್ಚಳಿಯದೆ ಉಳಿಯುತ್ತಿದ್ದವು. ಕಿರ್ದಿಯ ಒಂದು ಹಾಳೆ ಹರಿದರೆ ಒಂದು ದಿನದ ಲೆಕ್ಕ ಹೋಗುತ್ತಿತ್ತು. ಇಂದು ಒಂದು ಡಿಸ್ಕು ಕೆಟ್ಟರೆ ಹತ್ತು ವರ್ಷದ ಲೆಕ್ಕ ಒಂದೇ ಏಟಿಗೆ ಹೋಗುತ್ತದೆ.

ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೆಯ ಪ್ರಕರಣದಂತೆ ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ನಿಯಮ 57ರ ಪ್ರಕಾರ, ಅಪಘಾತದಿಂದಾಗಲಿ ನೈಸರ್ಗಿಕ ಕಾರಣದಿಂದಾಗಲಿ ದಾಖಲೆಗಳು ನಾಶವಾದರೆ ಯುಕ್ತ ಕಾಲದೊಳಗೆ ಮರಳಿ ಪಡೆಯುವಂತೆ ಅವುಗಳ ಪ್ರತಿಯನ್ನು ಇಟ್ಟಿರಬೇಕು. ಹೂಡುವಳಿ ತೆರಿಗೆ ಜಮೆಗೆ ತಾನು ಅರ್ಹನೆಂದು ಸಾಬೀತುಪಡಿಸುವ ಹೊಣೆಯನ್ನು 155ನೆಯ ಪ್ರಕರಣವು ವರ್ತಕರ ಮೇಲೆಯೇ ಹೊರಿಸಿದೆ. ಖಾಸಗಿ ನಿಯಮಿತ ಕಂಪನಿಯಾಗಿ ನಡೆಯುವ ಸಣ್ಣ ಕೈಗಾರಿಕೆಗಳು 2013ರ ಕಂಪನಿ ಕಾಯಿದೆಯಂತೆ ಎಂಟು ಹಣಕಾಸು ವರ್ಷಗಳ ಪುಸ್ತಕಗಳನ್ನು ಉಳಿಸಿಕೊಳ್ಳಬೇಕು. “ಕಂಪ್ಯೂಟರ್ ಕೆಟ್ಟುಹೋಯಿತು” ಎಂಬುದು ಸತ್ಯವಿರಬಹುದು. ಅಧಿಕಾರಿಯ ಮುಂದೆ ಅದು ಉತ್ತರವಾಗಲಾರದು.

ದುರಸ್ತಿಯ ಮೇಜಿನ ಮೇಲೆ

ಯಂತ್ರ ಕೆಡುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚಿನವು ಸಾಮಾನ್ಯವಾದವೇ. ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸಿ ಒಳಗಿನ ಭಾಗಗಳಿಗೆ ಹಂಚುವುದು ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ. ಏರಿಳಿತದ ವಿದ್ಯುತ್ತು, ಸರಿಯಾದ ಅರ್ಥಿಂಗ್ ಇಲ್ಲದ ಕಟ್ಟಡ, ಬ್ಯಾಟರಿ ಸತ್ತು ಹೆಸರಿಗಷ್ಟೇ ಉಳಿದ ಯುಪಿಎಸ್, ಇವು ಮೊದಲು ತಿನ್ನುವುದು ಇದನ್ನೇ. ಅಡಿಕೆ ಗೋದಾಮಿನ ಧೂಳು ಫ್ಯಾನಿನ ರೆಕ್ಕೆಗಳಿಗೆ ಮೆತ್ತಿಕೊಂಡರೆ ಶಾಖ ಹೊರಹೋಗುವುದಿಲ್ಲ. ಮೆಮೊರಿ ಪಟ್ಟಿಯ ಅಂಚಿಗೆ ಕಿಲುಬು ಹಿಡಿದರೆ ಯಂತ್ರ ಏಳುವುದೇ ಇಲ್ಲ. ಶಾಲೆಯ ಮಕ್ಕಳ ರಬ್ಬರಿನಿಂದ ಅದನ್ನು ಮೃದುವಾಗಿ ಉಜ್ಜಿ ಮತ್ತೆ ಕೂರಿಸಿ ಯಂತ್ರವನ್ನು ಎಬ್ಬಿಸುವ ಉಪಾಯವನ್ನು ಅರಿಯದ ದುರಸ್ತಿಗಾರ ಅಪರೂಪ.

ಮೂರು ವೋಲ್ಟಿನ ಬಿಲ್ಲೆಯಂತಹ ಬ್ಯಾಟರಿಯ ಉಪದ್ರವ ಇನ್ನೂ ವಿಚಿತ್ರವಾದುದು. ಅದು ಸೊರಗಿದಾಗ ಯಂತ್ರದ ಗಡಿಯಾರ ಹಿಂದಕ್ಕೆ ಓಡಿ ಹಳೆಯ ಯಾವುದೋ ದಿನಾಂಕದಲ್ಲಿ ನಿಲ್ಲುತ್ತದೆ. ಆಗ ಬ್ಯಾಂಕಿನ ಜಾಲತಾಣ ತೆರೆಯುವುದಿಲ್ಲ, ಇಟ್ಟ ಪ್ರತಿಗಳಲ್ಲಿ ಹೊಸದು ಯಾವುದು, ಹಳೆಯದು ಯಾವುದು ಎಂಬುದೇ ಗೊಂದಲವಾಗುತ್ತದೆ. ಕೆಲವು ರೂಪಾಯಿಗಳ ಬ್ಯಾಟರಿಗಾಗಿ ದಿನವಿಡೀ ಕೆಲಸ ನಿಂತ ಕಚೇರಿಗಳುಂಟು.

ಎಲ್ಲಕ್ಕಿಂತಲೂ ತಲೆನೋವು ತರುವುದು ಬಂದು ಹೋಗುವ ದೋಷ. ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಬಾರಿ ನಿಲ್ಲುವ ಯಂತ್ರ ಚಿತ್ರದುರ್ಗದ ಅಥವಾ ದಾವಣಗೆರೆಯ ದುರಸ್ತಿ ಕೇಂದ್ರದಲ್ಲಿ ಎರಡು ದಿನ ಚೆನ್ನಾಗಿ ನಡೆಯುತ್ತದೆ. ಮರಳಿ ತಂದ ಗಂಟೆಯಲ್ಲಿ ಮತ್ತೆ ನಿಲ್ಲುತ್ತದೆ. ದುರಸ್ತಿಗಾರನಿಗೆ ಕೆಲಸ ಬಾರದೆಂದು ಯಜಮಾನರು, ಯಜಮಾನರಿಗೆ ಬಳಸಲು ಬಾರದೆಂದು ದುರಸ್ತಿಗಾರ ಭಾವಿಸುತ್ತಾರೆ. ದೋಷವಿರುವುದು ಅನೇಕ ವೇಳೆ ಯಂತ್ರದಲ್ಲಲ್ಲ, ಅಂಗಡಿಯ ಪ್ಲಗ್ಗಿನಲ್ಲಿ. ಬೇರೆ ಜಾಗದಲ್ಲಿ ಸರಿಯಾಗಿ ನಡೆಯುವ ಯಂತ್ರ ತನ್ನ ಜಾಗದಲ್ಲಿ ನಿಲ್ಲುತ್ತದೆಯೆಂದರೆ ಮೊದಲು ಕರೆಸಬೇಕಾದವರು ವೈರಿಂಗ್ ಬಲ್ಲವರು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಗಣಕವು ತಪ್ಪು ಮಾಡುತ್ತಿದ್ದಾಗ ರಿಲೇ ಒಂದರ ನಡುವೆ ಸಿಕ್ಕಿಬಿದ್ದಿದ್ದ ಪತಂಗವನ್ನು ಹುಡುಕಿ ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದರು. ದೋಷವನ್ನು ಊಹಿಸದೆ ಹುಡುಕಬೇಕು, ಕಂಡದ್ದನ್ನು ಬರೆದಿಡಬೇಕು ಎಂಬ ಪಾಠ ಇಂದಿಗೂ ಹಳತಾಗಿಲ್ಲ.

ವರ್ತಕನ ಅಗತ್ಯದಿಂದ ಹುಟ್ಟಿದ ತಂತ್ರಾಂಶ

ಯಂತ್ರದ ಕಥೆ ಹೀಗಾದರೆ ಅದರೊಳಗೆ ಲೆಕ್ಕ ಬರೆಯುವ ತಂತ್ರಾಂಶದ ಕಥೆ ವರ್ತಕ ಸಮುದಾಯಕ್ಕೆ ಇನ್ನೂ ಹತ್ತಿರವಾದುದು. ಬೆಂಗಳೂರಿನ ಶ್ಯಾಮಸುಂದರ ಗೋಯೆಂಕಾ ಅವರು ಕಾರ್ಖಾನೆಗಳಿಗೆ, ಬಟ್ಟೆ ಗಿರಣಿಗಳಿಗೆ ಕಚ್ಚಾ ಸಾಮಗ್ರಿ ಹಾಗೂ ಯಂತ್ರದ ಬಿಡಿಭಾಗಗಳನ್ನು ಪೂರೈಸುವ ವ್ಯಾಪಾರ ನಡೆಸುತ್ತಿದ್ದರು. ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗದಿದ್ದಾಗ ಗಣಿತ ಪದವೀಧರನಾದ ಮಗ ಭರತ್ ಗೋಯೆಂಕಾ ಅವರಿಗೆ ಅಂತಹುದೊಂದನ್ನು ಬರೆಯಲು ಹೇಳಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಆ ಸಂಸ್ಥೆಯೇ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಸಂಕೇತ ಸಂಖ್ಯೆಗಳ ಗೋಜಿಲ್ಲದೆ ಖಾತೆಯ ಹೆಸರನ್ನೇ ಬರೆದು ಜಮಾ ಖರ್ಚು ಹಾಕಬಹುದಾಗಿದ್ದರಿಂದ ಪುಸ್ತಕದಲ್ಲಿ ಬರೆದು ಅಭ್ಯಾಸವಾಗಿದ್ದ ಗುಮಾಸ್ತರಿಗೂ ಅದು ಬೇಗ ಒಲಿಯಿತು. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದ ಮೇಲಂತೂ ಸಣ್ಣ ಊರುಗಳ ಅಂಗಡಿಗಳಲ್ಲಿಯೂ ಗಣಕಯಂತ್ರದ ಲೆಕ್ಕ ಅನಿವಾರ್ಯವಾಯಿತು. ನಮೂದು ಬರೆಯುತ್ತಿರುವಾಗಲೇ ವಿದ್ಯುತ್ತು ಹೋಗಿ ಕಡತ ಕೆಡುವ ತೊಂದರೆಗೆಂದು ಹಳೆಯ ಟ್ಯಾಲಿಯಲ್ಲಿ ‘ರೀರೈಟ್’ ಎಂಬ ಸೌಲಭ್ಯವನ್ನೇ ಇಟ್ಟಿದ್ದರು. ತಂತ್ರಾಂಶ ಬರೆದವರಿಗೆ ನಮ್ಮ ವಿದ್ಯುತ್ತಿನ ಪರಿಚಯ ಚೆನ್ನಾಗಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಕೆಟ್ಟ ಡಿಸ್ಕಿನ ಮುಂದೆ ಆ ಸೌಲಭ್ಯವೂ ನಿರುಪಾಯ.

ಎರಡು ಅಂಕಿಯ ಉಳಿತಾಯ, ಎರಡು ಕೋಟಿ ಪಹಣಿ

ತಂತ್ರಾಂಶ ಕ್ಷೇತ್ರದ ಹಿರಿಯರು ನೆನೆಯುವ ಇನ್ನೆರಡು ಕೆಲಸಗಳಿಂದ ವರ್ತಕರು ಕಲಿಯುವುದಿದೆ. ಮೊದಲನೆಯದು 2000ನೆಯ ಇಸವಿಯ ಸಮಸ್ಯೆ. ಗಣಕಗಳ ಸ್ಮರಣಶಕ್ತಿ ಬಲು ದುಬಾರಿಯಾಗಿದ್ದ ಕಾಲದಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದು ಜಾಗ ಉಳಿಸಿದ್ದರು. 99ರ ನಂತರ ಬರುವ 00 ಎಂದರೆ 1900 ಎಂದು ಯಂತ್ರ ತಿಳಿದರೆ ಬಡ್ಡಿ, ವಿಮೆ, ಪಿಂಚಣಿಯ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು. ಅದನ್ನು ತಿದ್ದಲು ಜಗತ್ತು ಅಪಾರ ಹಣ ಸುರಿಯಿತು. ಭಾರತದ ಸಾವಿರಾರು ತಂತ್ರಜ್ಞರು ಹಳೆಯ ಸಾಲುಗಳನ್ನು ಒಂದೊಂದಾಗಿ ಓದಿ ತಿದ್ದಿದರು. ಅಂದು ಉಳಿಸಿದ್ದು ಎರಡು ಅಂಕಿ, ತೆತ್ತದ್ದು ಅದರ ಎಷ್ಟೋ ಪಟ್ಟು. ಯುಪಿಎಸ್ ಬ್ಯಾಟರಿ ಬದಲಾಯಿಸದೆ ಹಣ ಉಳಿಸುವವರ ಲೆಕ್ಕಾಚಾರವೂ ಇದೇ ಜಾತಿಯದು.

ಎರಡನೆಯದು ಕರ್ನಾಟಕದ್ದೇ ಆದ ‘ಭೂಮಿ’ ಯೋಜನೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಜ್ಞರು ಬರೆದ ಈ ತಂತ್ರಾಂಶದ ಮೂಲಕ 2000ದ ದಶಕದ ಆರಂಭದಲ್ಲಿ, ಹೊಳಲ್ಕೆರೆಯೂ ಸೇರಿದಂತೆ ಅಂದಿನ ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಸೇರಿದವು. ಆರಂಭದಲ್ಲಿ ಒಂದು ಪಹಣಿ ಪ್ರತಿಗೆ 15 ರೂಪಾಯಿ ಶುಲ್ಕವಿತ್ತು. ಬೆರಳಚ್ಚು ಕೊಡದೆ ಸಿಬ್ಬಂದಿ ತಂತ್ರಾಂಶದೊಳಗೆ ಪ್ರವೇಶಿಸುವಂತಿರಲಿಲ್ಲ. ಸೇರಿಸಿದ ಮಾಹಿತಿಯನ್ನು ಮುದ್ರಿಸಿ, ಗ್ರಾಮಲೆಕ್ಕಿಗರಿಂದ ಮೂಲ ಪುಸ್ತಕದೊಡನೆ ತಾಳೆ ನೋಡಿಸಿ ತಿದ್ದಲಾಯಿತು. ಯಾರು ತಿದ್ದಿದರೆಂಬುದಕ್ಕೆ ಗುರುತು, ತಿದ್ದಿದ್ದು ಸರಿಯೇ ಎಂಬುದಕ್ಕೆ ತಾಳೆ, ಈ ಎರಡೂ ಅಂಗಡಿಯ ಲೆಕ್ಕಕ್ಕೂ ಅಗತ್ಯ. ಗುಮಾಸ್ತರೆಲ್ಲ ಒಂದೇ ಗುಪ್ತಪದ ಬಳಸುವ ಅಂಗಡಿಯಲ್ಲಿ ಅಳಿಸಿದವರು ಯಾರೆಂದು ತಿಳಿಯುವುದು ಹೇಗೆ? ವಿದ್ಯುನ್ಮಾನ ಲೆಕ್ಕದಲ್ಲಿ ತಿದ್ದಿದ, ಅಳಿಸಿದ ಪ್ರತಿಯೊಂದು ನಮೂದಿಗೂ ದಾಖಲೆ ಇರಬೇಕೆಂದು ಜಿಎಸ್‌ಟಿ ನಿಯಮ 56 ಕೂಡ ಹೇಳುತ್ತದೆ.

ವರ್ತಕರು ಮಾಡಬೇಕಾದುದು

ಮೊದಲನೆಯದಾಗಿ, ಲೆಕ್ಕದ ಮೂರು ಪ್ರತಿಗಳಿರಲಿ: ಒಂದು ಯಂತ್ರದಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಅಂಗಡಿಯ ಹೊರಗೆ, ಅಂದರೆ ಮನೆಯಲ್ಲಿ ಅಥವಾ ಅಂತರ್ಜಾಲ ಸಂಗ್ರಹದಲ್ಲಿ. ಪ್ರತಿದಿನ ಬಾಗಿಲು ಹಾಕುವ ಮುನ್ನ ಪ್ರತಿ ತೆಗೆಯುವುದು ನಗದು ಎಣಿಸುವಷ್ಟೇ ಸಹಜವಾದ ಕೆಲಸವಾಗಲಿ. ಕೆಲಸ ಮುಗಿದ ಮೇಲೆ ಡಿಸ್ಕನ್ನು ಯಂತ್ರದಿಂದ ಬಿಡಿಸಿಡಬೇಕು. 2017ರ ಮೇ ತಿಂಗಳಲ್ಲಿ ಸುಮಾರು 150 ದೇಶಗಳಿಗೆ ಹರಡಿದ ‘ವನ್ನಾಕ್ರೈ’ಯಂತಹ ಸುಲಿಗೆ ತಂತ್ರಾಂಶಗಳು ಯಂತ್ರಕ್ಕೆ ಚುಚ್ಚಿಟ್ಟ ಡಿಸ್ಕನ್ನೂ ಬಿಡುವುದಿಲ್ಲ.

ಎರಡನೆಯದಾಗಿ, ಇಟ್ಟ ಪ್ರತಿ ತೆರೆಯುತ್ತದೆಯೇ ಎಂದು ಮೂರು ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಪರೀಕ್ಷಿಸಬೇಕು. ಎರಡೂ ಕಡೆಯ ತಾಳೆಪಟ್ಟಿಯ ಮೊತ್ತ ಒಂದೇ ಆಗಿದ್ದರೆ ಮಾತ್ರ ಅದು ಪ್ರತಿ. ಇಲ್ಲವಾದರೆ ಬರಿಯ ಸಮಾಧಾನ.

ಮೂರನೆಯದಾಗಿ, ದುರಸ್ತಿಗೆ ಕೊಡುವಾಗ ರಸೀದಿ ಪಡೆಯಬೇಕು. ಡಿಸ್ಕಿನ ಕ್ರಮಸಂಖ್ಯೆ, “ಕೇಳದೆ ಫಾರ್ಮ್ಯಾಟ್ ಮಾಡಬಾರದು” ಎಂಬ ಮಾತು ಅದರಲ್ಲಿರಲಿ. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಚಾಲೂ ಮಾಡಿ ನೋಡುವ ಸಾಹಸ ಬೇಡ. ತಯಾರಕರ ಖಾತರಿ ಇರುವುದು ಡಿಸ್ಕಿಗೆ ಮಾತ್ರ, ಅದರೊಳಗಿನ ಮಾಹಿತಿಗಲ್ಲ. ಖಾತರಿಯಡಿ ಬದಲಾಯಿಸಿದಾಗ ಹಳೆಯ ಡಿಸ್ಕು ಸಾಮಾನ್ಯವಾಗಿ ತಯಾರಕರ ವಶಕ್ಕೆ ಹೋಗುತ್ತದೆ ಎಂಬುದನ್ನೂ ನೆನಪಿಡಬೇಕು.

ನಾಲ್ಕನೆಯದಾಗಿ, ಅರ್ಥಿಂಗ್, ಯುಪಿಎಸ್ ಬ್ಯಾಟರಿ, ಧೂಳು ಈ ಮೂರನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ಯಂತ್ರಕ್ಕೆ ಹತ್ತಾರು ಸಾವಿರ ಸುರಿದು ಬ್ಯಾಟರಿಗೆ ಚೌಕಾಸಿ ಮಾಡುವುದು ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದಂತೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅದನ್ನೇ ನಂಬಿರುವ ಯಂತ್ರಗಳ ಬಗ್ಗೆ ತೀರ್ಮಾನವನ್ನು ಮುಂದೂಡಬಾರದು.

ಕೊನೆಯದಾಗಿ, ಮಾರ್ಚ್ 31ರ ಖಾತೆಗಳು, ಬಾಕಿ ಪಟ್ಟಿ ಮತ್ತು ದಾಸ್ತಾನು ಪಟ್ಟಿಯನ್ನು ಕಾಗದದಲ್ಲಿ ಮುದ್ರಿಸಿ ಸಹಿ ಮಾಡಿ ಇಟ್ಟುಕೊಳ್ಳಬೇಕು. ಎಲ್ಲವೂ ಕೈಕೊಟ್ಟ ದಿನ ಪ್ರಾರಂಭ ಶಿಲ್ಕಾದರೂ ಕೈಯಲ್ಲಿರುತ್ತದೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ಏಳು ಸುತ್ತಿನ ಕೋಟೆಯ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಆ ಹೊಳಲ್ಕೆರೆಯ ಅಂಗಡಿಗೇ ಮತ್ತೊಮ್ಮೆ ಹೋಗೋಣ. ಹಿಂದಿನ ಸಂಜೆ ತೆಗೆದ ಪ್ರತಿ ಯಜಮಾನರ ಮನೆಯ ಕಪಾಟಿನಲ್ಲಿ ಇದ್ದಿದ್ದರೆ ದುರಸ್ತಿಗಾರನ ಮಾತಿಗೆ ಅವರು “ಆಗಲಿ, ಮಾಡಪ್ಪ” ಎಂದು ನಿಶ್ಚಿಂತೆಯಿಂದ ಹೇಳಬಹುದಿತ್ತು. ಪಕ್ಕದ ಯಂತ್ರದಲ್ಲಿ ಲೆಕ್ಕ ತೆರೆದು, ಆ ಒಂದು ದಿನದ ಚೀಟಿಗಳನ್ನು ಮತ್ತೆ ನಮೂದಿಸಿ, 20ರಂದು ವಿವರಪಟ್ಟಿ ಸಲ್ಲಿಸಬಹುದಿತ್ತು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಖಾತೆ ಪುಸ್ತಕಕ್ಕೆ ಕುಂಕುಮ ಹಚ್ಚುತ್ತಿದ್ದ ಕೈಗಳು ಇಂದು ಗಣಕಯಂತ್ರಕ್ಕೆ ಹಚ್ಚುತ್ತಿವೆ. ಪೂಜೆ ಸಲ್ಲಬೇಕಾದುದು ಪೆಟ್ಟಿಗೆಗಲ್ಲ, ಅದರೊಳಗಿನ ಲೆಕ್ಕಕ್ಕೆ ಎಂಬುದನ್ನು ವರ್ತಕ ಬಾಂಧವರು ಮನಗಂಡು, ಇಂದು ಸಂಜೆ ಬಾಗಿಲು ಹಾಕುವ ಮುನ್ನವೇ ಮೊದಲ ಪ್ರತಿಯನ್ನು ತೆಗೆದಿಡುವುದು ಲೇಸು.