ಕಂಪ್ಯೂಟರಿನ ಬಾಗಿಲುಗಳಿಗೆ ಸಂಖ್ಯೆ ಕೊಡುವವರಾರು?

ಹೈನುಳ್ಳ ಮನೆಗೆ ಹಾಲಿನ ಲೆಕ್ಕವು ಸಣ್ಣ ಮಾತಲ್ಲ. ಸವಣೂರು ತಾಲೂಕಿನ ಯಲವಿಗಿಯಂಥ ಊರುಗಳಲ್ಲಿ ಒಕ್ಕಲುತನದ ಜೊತೆಗೆ ಒಂದೆರಡು ಎಮ್ಮೆಗಳನ್ನು ಸಾಕಿದವರಿಗೆ ಸಂತೆಯ ಖರ್ಚು ಸಾಗುವದು ಅನೇಕ ವೇಳೆ ಆ ಹಾಲಿನ ಹಣದಿಂದಲೇ. ಈಗ ಕರ್ನಾಟಕದ ಅನೇಕ ಹಾಲು ಉತ್ಪಾದಕರ ಸಹಕಾರಿ ಸಂಘಗಳಲ್ಲಿ ತೂಕವನ್ನು ವಿದ್ಯುತ್ ತಕ್ಕಡಿಯೂ, ಕೊಬ್ಬಿನ ಅಂಶವನ್ನು ಪರೀಕ್ಷಾ ಯಂತ್ರವೂ ಹೇಳುವವು. ಅವೆರಡನ್ನೂ ಕೇಳಿಕೊಂಡು ಚೀಟಿ ಬರೆದುಕೊಡುವದು ಕಂಪ್ಯೂಟರ್. ಆದರೆ ಯಾವ ಮಾತು ಯಾವ ಯಂತ್ರದಿಂದ ಬಂದಿತೆಂಬದನ್ನು ಅದು ಅರಿಯುವದು ಹೇಗೆ? ಈ ವಿಷಯವನ್ನು ವಾಚಕರು ತಿಳಿದಿರುವದು ಒಳ್ಳೆಯದು.

ಇಂಥ ಯಂತ್ರಗಳು ಕಂಪ್ಯೂಟರಿನೊಡನೆ ಮಾತಾಡುವ ಬಾಗಿಲಿಗೆ ಸೀರಿಯಲ್ ಪೋರ್ಟ್ ಎಂದು ಹೆಸರು. ಸೀರಿಯಲ್ ಎಂದರೆ ಒಂದರ ಹಿಂದೊಂದು. ಒಂಟಿ ಹಳಿಯ ಮೇಲೆ ಡಬ್ಬಿಗಳು ಸಾಲಾಗಿ ಸಾಗುವಂತೆ, ಒಂದೊಂದು ಅಕ್ಷರದ ಎಂಟು ಬಿಟ್ಟುಗಳು ಒಂದೇ ತಂತಿಯಲ್ಲಿ ಸಾಲುಗಟ್ಟಿ ಬರುವವು. ಸೆಕೆಂಡಿಗೆ 9600 ಬಿಟ್ಟುಗಳು ಇದರ ಸಾಮಾನ್ಯ ವೇಗ. ಆರಂಭ ಮತ್ತು ಮುಕ್ತಾಯದ ಗುರುತುಗಳು ಸೇರಿ ಅಕ್ಷರವೊಂದಕ್ಕೆ ಹತ್ತು ಬಿಟ್ಟುಗಳಾದರೆ, ಸೆಕೆಂಡಿಗೆ 960 ಅಕ್ಷರಗಳು ದಾಟುವವು. ತೂಕದ ನಾಲ್ಕಾರು ಅಂಕಿಗಳಿಗೆ ಇದು ಧಾರಾಳವಾಯಿತು.

1981ರಲ್ಲಿ ಬಂದ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನ ಪೀಳಿಗೆಯಲ್ಲಿ ಈ ಬಾಗಿಲುಗಳಿಗೆ ಕಾಮ್ 1, ಕಾಮ್ 2 ಎಂಬ ಹೆಸರುಗಳಿದ್ದವು. ಹೊಸ ಬಾಗಿಲನ್ನು ಕೂಡ್ರಿಸುವವನು ಅದರ ಸಂಖ್ಯೆಯನ್ನು ತನ್ನ ಕೈಯಿಂದಲೇ ಗೊತ್ತುಪಡಿಸಬೇಕಾಗುತ್ತಿತ್ತು. ಎರಡಕ್ಕೆ ಒಂದೇ ಸಂಖ್ಯೆ ಬಿದ್ದರೆ ಜಗಳವು ತಪ್ಪುತ್ತಿರಲಿಲ್ಲ. 1996ರಲ್ಲಿ ಯು.ಎಸ್.ಬಿ. ಎಂಬ ಹೊಸ ಪದ್ಧತಿಯು ಬಂದು, ಕ್ರಮೇಣ ಹಳೆಯ ಒಂಬತ್ತು ಮುಳ್ಳಿನ ಬಾಗಿಲುಗಳು ಮನೆಬಳಕೆಯ ಯಂತ್ರಗಳಿಂದ ಮರೆಯಾದವು. ಆದುದರಿಂದ ಇಂದು ತಕ್ಕಡಿಯ ತಂತಿಗೂ ಕಂಪ್ಯೂಟರಿಗೂ ನಡುವೆ, ಒಂದರ ಭಾಷೆಯನ್ನು ಇನ್ನೊಂದಕ್ಕೆ ತಿಳಿಯಪಡಿಸುವ ದುಭಾಷಿಯಂಥ ಕೇಬಲ್ ಒಂದನ್ನು ಇಡುವದುಂಟು.

ಈ ಕೇಬಲನ್ನು ಚುಚ್ಚಿದ ಕ್ಷಣವೇ ಕಂಪ್ಯೂಟರಿನ ಯಜಮಾನನಾದ ಆಪರೇಟಿಂಗ್ ಸಿಸ್ಟಮ್ ಅದರ ಕುಲಗೋತ್ರವನ್ನು ವಿಚಾರಿಸುವದು. ತಯಾರಿಸಿದವರ ಸಂಖ್ಯೆ, ಮಾದರಿಯ ಸಂಖ್ಯೆ ಇವೆರಡನ್ನೂ ಕೇಬಲ್ ಹೇಳಲೇಬೇಕು. ಕೆಲವು ಕೇಬಲುಗಳು ಇವುಗಳ ಜೊತೆಗೆ ತಮ್ಮದೇ ಆದ ಕ್ರಮಸಂಖ್ಯೆಯನ್ನೂ ಹೇಳುವವು. ವಿಂಡೋಸ್ ವ್ಯವಸ್ಥೆಯು 256 ಮನೆಗಳ ಒಂದು ಪಟ್ಟಿಯನ್ನು ಇಟ್ಟುಕೊಂಡು, ಅದರಲ್ಲಿ ಖಾಲಿಯಿರುವ ಸಂಖ್ಯೆಯನ್ನು, ಸಾಮಾನ್ಯವಾಗಿ ಕಾಮ್ 3ರಿಂದ ಮುಂದೆ, ಹೊಸಬನಿಗೆ ಕೊಟ್ಟು ದಾಖಲೆ ಮಾಡುವದು. ಕೇಬಲನ್ನು ಕಿತ್ತರೂ ಆ ದಾಖಲೆಯು ಅಳಿಯುವದಿಲ್ಲ.

ಇಲ್ಲಿಯೇ ವಿಷಯದ ಮರ್ಮವಿರುವದು. ಹುಬ್ಬಳ್ಳಿ-ಹಾವೇರಿ ಮಾರ್ಗದ ಯಲವಿಗಿ ನಿಲ್ದಾಣವನ್ನು ನೆನೆಯಿರಿ. ಗಾಡಿಯ ಸಂಖ್ಯೆಯು ಗಾಡಿಯೊಡನೆ ಊರಿಂದೂರಿಗೆ ಹೋಗುವದು. ಪ್ಲಾಟ್‌ಫಾರ್ಮಿನ ಸಂಖ್ಯೆಯು ಇದ್ದಲ್ಲಿಯೇ ಇರುವದು. ಸ್ವಂತ ಕ್ರಮಸಂಖ್ಯೆಯುಳ್ಳ ಕೇಬಲ್ ಗಾಡಿಯಂತೆ: ಯಾವ ಕಿಂಡಿಗೆ ಚುಚ್ಚಿದರೂ ಅದಕ್ಕೆ ತನ್ನ ಹಳೆಯ ಕಾಮ್ ಸಂಖ್ಯೆಯೇ ದೊರೆಯುವದು. ಕ್ರಮಸಂಖ್ಯೆಯಿಲ್ಲದ ಅಗ್ಗದ ಕೇಬಲಿಗೆ ಹೆಸರು ಬರುವದು ನಿಂತ ಸ್ಥಳದಿಂದ: ಕಿಂಡಿ ಬದಲಾದರೆ ಸಂಖ್ಯೆಯೂ ಬದಲಾಗುವದು.

ಕಸ ಗುಡಿಸುವಾಗ ಯಾರೋ ತಂತಿಯನ್ನು ಕಿತ್ತು ಪಕ್ಕದ ಕಿಂಡಿಗೆ ಚುಚ್ಚಿದರೆನ್ನಿ. ಲೆಕ್ಕ ಬರೆಯುವ ಪ್ರೋಗ್ರಾಮಿಗೆ “ತೂಕವು ಕಾಮ್ 3ರಲ್ಲಿ ಬರುವದು” ಎಂದಷ್ಟೇ ಗೊತ್ತು. ತಕ್ಕಡಿಯೋ ಈಗ ಕಾಮ್ 5ರಲ್ಲಿ ಕೂಗುತ್ತಿರುವದು. ತಕ್ಕಡಿ ಕೆಟ್ಟಿಲ್ಲ, ಕಂಪ್ಯೂಟರ್ ಕೆಟ್ಟಿಲ್ಲ. ಆದರೂ ಪರದೆಯ ಮೇಲೆ ತೂಕವಿಲ್ಲ. ಹೊರಗೆ ಕೊಡ ಹಿಡಿದವರ ಸಾಲು ಬೆಳೆಯುವದು; ಹಾಲು ಯಾರಿಗಾಗಿಯೂ ಕಾಯುವ ಪದಾರ್ಥವಲ್ಲ. ಅವಸರದಲ್ಲಿ ಅಂದಾಜಿನಿಂದ ಬರೆದ ಅಂಕಿಯು ಬಡವರ ಮನೆಯ ಹಣವನ್ನು ಕಡಿಮೆ ಮಾಡೀತು.

ಉಪಾಯವು ಸುಲಭ. ಮೊದಲು ತಂತಿಯನ್ನು ಹಳೆಯ ಕಿಂಡಿಗೇ ಮರಳಿ ಚುಚ್ಚಬೇಕು. ಬಹುತೇಕ ಹಳೆಯ ಸಂಖ್ಯೆಯೇ ಬರುವದು. ಅದು ಸಾಧ್ಯವಾಗದಿದ್ದರೆ ವಿಂಡೋಸಿನ ಡಿವೈಸ್ ಮ್ಯಾನೇಜರನ್ನು ತೆರೆದು, ಪೋರ್ಟುಗಳ ಪಟ್ಟಿಯಲ್ಲಿ ಆ ಕೇಬಲಿನ ಸಂಖ್ಯೆಯನ್ನು ನೋಡಿ, ಅದನ್ನೇ ಪ್ರೋಗ್ರಾಮಿಗೆ ತಿಳಿಸಬಹುದು. ಲಿನಕ್ಸ್ ವ್ಯವಸ್ಥೆಯಲ್ಲಿ ಸಾಮಾನ್ಯ ಹೆಸರುಗಳು ಕಂಡ ಕ್ರಮದಲ್ಲಿ ಸಿಗುವದರಿಂದ ಅವು ಅದಲುಬದಲಾಗಬಹುದು. ಆದರೆ ಕೇಬಲಿನ ಗುರುತಿನಿಂದಲೋ ಕಿಂಡಿಯ ಸ್ಥಳದಿಂದಲೋ ಕಟ್ಟಿದ ಸ್ಥಿರ ಹೆಸರುಗಳನ್ನೂ ಅದು ಒದಗಿಸುವದು. ಪ್ರೋಗ್ರಾಮಿಗೆ ಅವುಗಳನ್ನೇ ಕೊಡುವದು ಲೇಸು.

ಎಲ್ಲಕ್ಕೂ ಮೇಲಾದ ಉಪಾಯಕ್ಕೆ ಕಾಸಿನ ಖರ್ಚೂ ಇಲ್ಲ. ತಕ್ಕಡಿಯ ತಂತಿಗೂ ಅದರ ಕಿಂಡಿಗೂ ಒಂದೇ ಬಣ್ಣದ ಗುರುತು, ಪರೀಕ್ಷಾ ಯಂತ್ರದ ತಂತಿಗೂ ಅದರ ಕಿಂಡಿಗೂ ಇನ್ನೊಂದು ಬಣ್ಣದ ಗುರುತು ಹಚ್ಚಿ, ಆಯಾ ಕಾಮ್ ಸಂಖ್ಯೆಯನ್ನು ರಜಿಸ್ಟರಿನ ಮೊದಲ ಪುಟದಲ್ಲಿ ಬರೆದಿಡಬೇಕು. ಅಷ್ಟಿದ್ದರೆ ಪೇಟೆಯಿಂದ ರಿಪೇರಿಯವನು ಬರುವ ವರೆಗೆ ಹಾಲು ಕಾಯಬೇಕಾದ ಪ್ರಸಂಗವು ಬಹಳ ಸಲ ಒದಗುವದೇ ಇಲ್ಲ.