ಮನಸ್ಸು ನೊಂದವರಿಗೆ ಯಾವ ಕಚೇರಿ?

ಜ್ವರ ಬಂದರೆ ದವಾಖಾನೆ, ಜಗಳವಾದರೆ ಠಾಣೆ, ಪಹಣಿ ಬೇಕಾದರೆ ತಹಶೀಲ್ ಕಚೇರಿ. ಇದನ್ನು ನಮ್ಮ ಭಾಗದಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಮನೆಯ ಮಗನೊಬ್ಬ ತಿಂಗಳಿಂದ ನಿದ್ದೆ ಬಿಟ್ಟು ಒಬ್ಬನೇ ಮಾತನಾಡಿಕೊಳ್ಳುತ್ತಿದ್ದರೆ? ಅಜ್ಜಿ ಮನೆಯ ದಾರಿ ಮರೆತು ಬಸ್ ನಿಲ್ದಾಣದಲ್ಲಿ ಕೂತುಬಿಟ್ಟರೆ? ಬಾಣಂತಿ ಅಕ್ಕ ಕೂಸನ್ನು ಎತ್ತಿಕೊಳ್ಳಲೂ ಒಲ್ಲೆ ಎಂದರೆ? ಆಗ ಯಾವ ಬಾಗಿಲು ತಟ್ಟಬೇಕೆಂದು ಪದವಿ ಓದಿದ ನಮಗೂ ಥಟ್ಟನೆ ಹೊಳೆಯುವುದಿಲ್ಲ.

ಹಿರಿಯರ ಬಳಿ ಉತ್ತರ ಸಿದ್ಧವಿರುತ್ತದೆ. ‘ಗಾಳಿ ಸೋಕ್ಯದ, ದೇವರಿಗೆ ಕರ್ಕೊಂಡು ಹೋಗ್ರಿ’ ಎನ್ನುತ್ತಾರೆ. ದೇವರಿಗೆ ಹೋಗುವುದು ತಪ್ಪಲ್ಲ. ಅಲ್ಲಿಂದ ಮುಂದೆ ಹೋಗುವ ದಾರಿ ಗೊತ್ತಿಲ್ಲದೇ ಇರುವುದು ತೊಂದರೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ ಎಂಬುದನ್ನೂ ಅದೇ ಸಮೀಕ್ಷೆ ಹೇಳಿತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಏನೂ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಸಮಾಜಕಾರ್ಯದ ವಿದ್ಯಾರ್ಥಿಯಾಗಿ ಈ ವ್ಯವಸ್ಥೆಯ ಬಗ್ಗೆ ಓದುತ್ತ, ಕೇಳುತ್ತ ಹೋದಾಗ ನನಗೆ ಕಂಡದ್ದು ಬೇರೆ. ಸೌಲಭ್ಯಗಳು ಇವೆ. ಆದರೆ ಅವು ಐದಾರು ಇಲಾಖೆಗಳಲ್ಲಿ ಚದುರಿಹೋಗಿವೆ. ಒಂದನ್ನು ಇನ್ನೊಂದಕ್ಕೆ ಕಟ್ಟುವ ದಾರ ಮಾತ್ರ ಯಾರ ಕೈಯಲ್ಲೂ ಇಲ್ಲ.

ಬಳ್ಳಾರಿಯಲ್ಲಿ ಹುಟ್ಟಿದ ಮಾದರಿ

ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಇದೆ ಎಂಬುದು ಎಷ್ಟು ಜನರಿಗೆ ಗೊತ್ತು? 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಅದನ್ನು ಹಳ್ಳಿಗೆ ಮುಟ್ಟಿಸುವುದು ಹೇಗೆಂದು ನೋಡಲು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಅಗತ್ಯದ ಕೆಲವೇ ಔಷಧಿಗಳನ್ನು ಅಲ್ಲಿಯೇ ಸಿಗುವಂತೆ ಮಾಡಿದರು. ರೋಗಿ ದೊಡ್ಡಾಸ್ಪತ್ರೆಗೆ ಹೋಗುವ ಬದಲು ಚಿಕಿತ್ಸೆಯೇ ಊರ ಹತ್ತಿರ ಬರಬೇಕು ಎಂಬ ಈ ‘ಬಳ್ಳಾರಿ ಮಾದರಿ’ಯ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಕಾರ್ಯಕ್ರಮ ಶುರುವಾಯಿತು. ಈಗ ಅದು ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲಿದೆ.

ಈ ತಂಡದಲ್ಲಿ ಒಬ್ಬ ಮನೋವೈದ್ಯರಷ್ಟೇ ಇರುವುದಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಶುಶ್ರೂಷಕರು, ದಾಖಲೆ ನೋಡಿಕೊಳ್ಳುವವರು ಇರಬೇಕು ಎನ್ನುತ್ತದೆ ಕಾರ್ಯಕ್ರಮದ ಚೌಕಟ್ಟು. ಮಾತ್ರೆ ಬರೆಯುವುದು ವೈದ್ಯರ ಕೆಲಸ. ಮಾತ್ರೆ ಏಕೆ ನಿಂತಿತು, ಮನೆಯಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸುವುದು ಸಮಾಜ ಕಾರ್ಯಕರ್ತರ ಕೆಲಸ.

ತಾಲ್ಲೂಕು ಮಟ್ಟಕ್ಕೆ ಬಂದರೆ ‘ಮನೋಚೈತನ್ಯ’ ಎಂಬ ರಾಜ್ಯದ ಕಾರ್ಯಕ್ರಮವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆ ಸಿಗಬೇಕೆಂಬುದು ಅದರ ಉದ್ದೇಶ. ಜನ ಇದನ್ನು ‘ಸೂಪರ್ ಮಂಗಳವಾರ’ ಎಂದೂ ಕರೆಯುತ್ತಾರೆ. ವೈದ್ಯರು ಸರದಿಯ ಮೇಲೆ ಬರುವುದರಿಂದ ಸೇಡಂ, ಚಿತ್ತಾಪುರ, ಚಿಂಚೋಳಿಯವರು ಯಾವ ಮಂಗಳವಾರ ತಮ್ಮ ಊರಿನದು ಎಂದು ಆಶಾ ಕಾರ್ಯಕರ್ತೆಯಿಂದಲೋ ಆಸ್ಪತ್ರೆಗೆ ಫೋನ್ ಮಾಡಿಯೋ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಒಂದು ದಿನದ ಕೂಲಿ ಬಿಟ್ಟು ಬಂದವರು ಬರಿಗೈಲಿ ವಾಪಸಾದರೆ ಎರಡನೇ ಸಲ ಬರುವುದು ಕಷ್ಟ.

ಸೇರಿಸಿಕೊಂಡು ಚಿಕಿತ್ಸೆ ಕೊಡಬೇಕಾದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ವಾಡಿ, ಶಹಾಬಾದ್, ಸೇಡಂ ಕಡೆಯ ಕಾರ್ಖಾನೆ ಕಾರ್ಮಿಕರಲ್ಲಿ ಇಎಸ್‌ಐ ಕಾರ್ಡ್ ಇರುವ ಕುಟುಂಬಗಳಿಗೆ ಅಲ್ಲಿನ ಇಎಸ್‌ಐಸಿ ಆಸ್ಪತ್ರೆಯೂ ಇದೆ.

ಪಂಚಾಯಿತಿಯಲ್ಲೂ ಒಬ್ಬರಿದ್ದಾರೆ

ಔಷಧಿಯಿಂದ ಬದುಕಿನ ಅರ್ಧ ಸಮಸ್ಯೆ ಮಾತ್ರ ಬಗೆಹರಿಯುತ್ತದೆ. ಊಟ, ದುಡ್ಡು, ಓಡಾಟ, ಕೆಲಸ ಇವೆಲ್ಲ ಉಳಿದರ್ಧ. ಈ ಅರ್ಧ ಆರೋಗ್ಯ ಇಲಾಖೆಯ ಕೈಯಲ್ಲಿಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು. ಕುಂಟುವವರಿಗೆ, ಕಣ್ಣು ಕಾಣದವರಿಗೆ ಮಾತ್ರ ಪ್ರಮಾಣಪತ್ರ ಎಂದುಕೊಂಡಿರುವವರು ಇದನ್ನು ಗಮನಿಸಬೇಕು. ಮಾನಸಿಕ ಅಸ್ವಸ್ಥತೆಯ ಪ್ರಮಾಣ ಅಳೆಯುವಾಗ ಕಾಯಿಲೆಯ ಹೆಸರಷ್ಟನ್ನೇ ನೋಡುವುದಿಲ್ಲ. ತನ್ನ ಸ್ನಾನ-ಊಟ ತಾನೇ ನೋಡಿಕೊಳ್ಳುತ್ತಾರೆಯೇ, ಇತರರೊಂದಿಗೆ ಹೊಂದಿಕೊಳ್ಳುತ್ತಾರೆಯೇ, ಮಾತು ಅರ್ಥವಾಗುತ್ತದೆಯೇ, ಕೆಲಸ ಮಾಡಬಲ್ಲರೇ ಎಂಬ ನಾಲ್ಕು ಸಂಗತಿಗಳನ್ನು ನೋಡುತ್ತಾರೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಾದರೆ ಹಲವು ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು.

ಅರ್ಜಿ ತುಂಬಲು ನೆರವಾಗುವವರು ಯಾರು? ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರಬೇಕೆಂಬ ಯೋಜನೆ ನಮ್ಮ ರಾಜ್ಯದಲ್ಲಿದೆ. ವಿಆರ್‌ಡಬ್ಲ್ಯು ಎಂದರೆ ಪಂಚಾಯಿತಿಯಲ್ಲಿ ಗೊತ್ತಾಗುತ್ತದೆ. ಇವರು ಸ್ವತಃ ಅಂಗವಿಕಲರೇ ಆಗಿದ್ದು, ಗೌರವಧನದ ಮೇಲೆ ದುಡಿಯುತ್ತಾರೆ. ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಿಗೆ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಹೀಗಾಗಿ ವಾಡಿಯವರು ಪುರಸಭೆಯಲ್ಲಿ, ಶಹಾಬಾದಿನವರು ನಗರಸಭೆಯಲ್ಲಿ ಕೇಳಬೇಕು. ಸ್ಥಳೀಯ ಸಂಸ್ಥೆಗಳು ಅಂಗವಿಕಲರ ಕಲ್ಯಾಣಕ್ಕೆಂದು ಶೇ 5ರಷ್ಟು ಹಣ ತೆಗೆದಿಡಬೇಕೆಂಬ ನಿಯಮವೂ ಇದೆ. ಆ ಹಣ ಯಾವುದಕ್ಕೆ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವ ಹಕ್ಕು ನಿಮಗೂ ನನಗೂ ಇದೆ.

ಇನ್ನುಳಿದ ಬಾಗಿಲುಗಳು

ಪ್ರಮಾಣಪತ್ರ ಸಿಕ್ಕ ಮೇಲೆ ಮಾಸಾಶನಕ್ಕೆ ನಾಡಕಚೇರಿಗೆ ಹೋಗಬೇಕು. ಅದು ಕಂದಾಯ ಇಲಾಖೆ. ಬಸ್ ಪಾಸಿಗೆ ಸಾರಿಗೆ ನಿಗಮ.

ಮಕ್ಕಳು ನೋಡಿಕೊಳ್ಳದ ವೃದ್ಧ ತಂದೆ ತಾಯಿಗೆ 2007ರ ಪಾಲಕರ ಪೋಷಣೆ ಹಾಗೂ ಹಿರಿಯ ನಾಗರಿಕರ ಕಲ್ಯಾಣ ಕಾಯ್ದೆ ಇದೆ. ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿ ಈ ಅರ್ಜಿಗಳನ್ನು ಕೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಅಂಥ ಒಂದು ಕಚೇರಿ ಸೇಡಂನಲ್ಲಿದೆ. ಹಿರಿಯರ ಸಹಾಯವಾಣಿ 14567.

ದಿಕ್ಕಿಲ್ಲದೆ ಅಲೆಯುವ ಮಾನಸಿಕ ಅಸ್ವಸ್ಥರ ಹೊಣೆ ಪೊಲೀಸರದು. ವಾಡಿಯಂಥ ಜಂಕ್ಷನ್‌ನಲ್ಲಿ ಇಳಿದು, ಯಾವ ಊರೆಂದು ಹೇಳಲಾರದೆ ಅಲೆಯುವವರನ್ನು ಕಂಡು ಕಲ್ಲೆಸೆಯುವ ಹುಡುಗರೂ ಇರುತ್ತಾರೆ, ಚಹಾ ಕೊಡುವ ಅಂಗಡಿಯವರೂ ಇರುತ್ತಾರೆ. ಕಾನೂನು ಹೇಳುವುದು ಇಷ್ಟು: ತನ್ನನ್ನು ತಾನು ನೋಡಿಕೊಳ್ಳಲಾಗದ ಅಂಥವರನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್‌ನಲ್ಲಿ ಇಡುವಂತಿಲ್ಲ. ಅವರ ಮನೆಯವರನ್ನು ಹುಡುಕುವುದೂ ಠಾಣೆಯ ಕರ್ತವ್ಯ.

ಇದನ್ನು ಹೇಳುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಈ ಕಾಯ್ದೆ ಸರ್ಕಾರಿ ವೆಚ್ಚದಲ್ಲಿ ಚಿಕಿತ್ಸೆ ಪಡೆಯುವುದನ್ನು ಹಕ್ಕು ಎಂದಿದೆ. ಸರಪಳಿಯಿಂದ ಕಟ್ಟಿಹಾಕುವುದನ್ನು ಯಾವುದೇ ರೂಪದಲ್ಲಿ ನಿಷೇಧಿಸಿದೆ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸತ್ತದ್ದನ್ನು ದೇಶ ಕಂಡಿತ್ತು.

ಇನ್ನೊಂದು ಮುಖ್ಯ ಮಾತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಈ ಕಾಯ್ದೆ ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಂ ಇಲ್ಲ. ‘ಪೊಲೀಸ್ ಕೇಸ್ ಆಗ್ತದ’ ಎಂದು ಹೆದರಿ ಔಷಧಿ ಕುಡಿದವರನ್ನು ಆಸ್ಪತ್ರೆಗೆ ಒಯ್ಯಲು ತಡಮಾಡುವ ಮನೆಗಳಿಗೆ ಈ ಸುದ್ದಿ ಮುಟ್ಟಬೇಕು.

ಅಲ್ಲಿ ಹೇಗೆ, ಇಲ್ಲಿ ಹೇಗೆ

ಇಂಗ್ಲೆಂಡಿನಲ್ಲೂ ಚಿಕಿತ್ಸೆ ಒಂದು ಕಡೆ, ಸಾಮಾಜಿಕ ಆರೈಕೆ ಇನ್ನೊಂದು ಕಡೆ ಇವೆ. ಚಿಕಿತ್ಸೆ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯದು. ಆರೈಕೆ ಸ್ಥಳೀಯ ಕೌನ್ಸಿಲ್‌ನದು, ಅಂದರೆ ನಮ್ಮ ನಗರಸಭೆಯಂಥ ಸಂಸ್ಥೆಯದು. ವಯಸ್ಕರೊಬ್ಬರಿಗೆ ಆರೈಕೆಯ ಅಗತ್ಯ ಇದ್ದಂತೆ ಕಂಡರೆ ಕೌನ್ಸಿಲ್ ಅದನ್ನು ಅಂದಾಜು ಮಾಡಲೇಬೇಕು ಎನ್ನುತ್ತದೆ ಅಲ್ಲಿನ 2014ರ ಕಾಯ್ದೆ. ನೋಡಿಕೊಳ್ಳುವ ಮನೆಯವರಿಗೆ ಏನು ಬೇಕೆಂದೂ ಕೇಳಬೇಕು. ಅನೇಕ ಕಡೆ ಕೌನ್ಸಿಲ್‌ನ ಸಮಾಜ ಕಾರ್ಯಕರ್ತರು, ಆಸ್ಪತ್ರೆಯ ಶುಶ್ರೂಷಕರು ಒಂದೇ ತಂಡದಲ್ಲಿ ಕೂತು ಕೆಲಸ ಮಾಡುತ್ತಾರೆ. ಅಲ್ಲೂ ಕಾಯುವ ಸಾಲು ಉದ್ದವಿದೆ, ಹಣದ ಕೊರತೆ ಇದೆ. ಆದರೂ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಒಂದು ವಿಳಾಸವಿದೆ.

ನಮ್ಮಲ್ಲಿ ಹೇಗೆ? ಚಿಂಚೋಳಿಯ ಒಂದು ತಾಂಡಾ ಎಂದುಕೊಳ್ಳಿ. ತಂದೆ ತಾಯಿ ಸುಗ್ಗಿ ಮುಗಿದ ಮೇಲೆ ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೋಗುವವರು. ಮಗನಿಗೆ ಸ್ಕಿಜೋಫ್ರೇನಿಯಾ. ಅವನಿಗೆ ಮಾತ್ರೆ ತಾಲ್ಲೂಕು ಆಸ್ಪತ್ರೆಯಲ್ಲಿ, ಪ್ರಮಾಣಪತ್ರಕ್ಕೆ ವೈದ್ಯಕೀಯ ಮಂಡಳಿ, ಅರ್ಜಿಗೆ ಪಂಚಾಯಿತಿ, ಮಾಸಾಶನಕ್ಕೆ ನಾಡಕಚೇರಿ. ಚಿಂಚೋಳಿಗೆ ರೈಲಿಲ್ಲ, ಕಲಬುರಗಿಗೆ ಬಸ್ಸೇ ಗತಿ. ಶಕ್ತಿ ಯೋಜನೆಯಿಂದ ತಾಯಿಗೆ ಟಿಕೆಟ್ ಇಲ್ಲ, ಆದರೆ ಪಾಸ್ ಆಗುವವರೆಗೆ ಮಗನಿಗೆ ಇದೆ. ಯಾವ ಕಚೇರಿಯೂ ‘ಇಲ್ಲ’ ಎಂದಿಲ್ಲ. ಪ್ರತಿಯೊಂದೂ ಇನ್ನೊಂದು ಕಾಗದ ಕೇಳಿದೆ, ಅಷ್ಟೇ. ಮೂರನೇ ಓಡಾಟಕ್ಕೆ ಮನೆಯವರು ಸುಸ್ತಾಗುತ್ತಾರೆ. ಊರು ಬಿಟ್ಟು ಹೋದಾಗ ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮರಳುತ್ತದೆ. ಆಗ ಊರವರು ‘ದವಾಖಾನಿ ಔಷಧ ಹತ್ತಲಿಲ್ಲ’ ಎನ್ನುತ್ತಾರೆ. ಸೋತದ್ದು ಔಷಧವಲ್ಲ, ನಡುವಿನ ದಾರ.

ದಾರ ಹಿಡಿಯಲು ಕಾನೂನೇ ಕರೆಯುತ್ತದೆ

ಈ ದಾರವನ್ನು ಹಿಡಿಯಲು ಸರ್ಕಾರಿ ನೌಕರನೇ ಆಗಬೇಕಿಲ್ಲ. 2017ರ ಕಾಯ್ದೆಯ 14ನೇ ಕಲಂ ಪ್ರಕಾರ, ವಯಸ್ಕರು ಯಾರೇ ಆಗಲಿ ತಮಗೊಬ್ಬ ನಾಮನಿರ್ದೇಶಿತ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು. ಖಾಲಿ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಪ್ರತಿನಿಧಿಗೆ 18 ವರ್ಷ ತುಂಬಿರಬೇಕು, ಅವರ ಒಪ್ಪಿಗೆ ಇರಬೇಕು. ಚಿಕಿತ್ಸೆಯ ತೀರ್ಮಾನಗಳಲ್ಲಿ ನೆರವಾಗುವುದು, ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಮುಂದೇನು ಎಂದು ಕೇಳುವುದು ಅವರ ಪಾತ್ರ. ನೇಮಿಸಿದವರು ಬೇಕೆಂದಾಗ ಬದಲಿಸಲೂಬಹುದು.

ಹದಿನೆಂಟು ದಾಟಿ, ಫಾರ್ಮ್ ಓದಲು ಬರುವ, ಮೊಬೈಲ್‌ನಲ್ಲಿ ಅರ್ಜಿ ಹಾಕಲು ಗೊತ್ತಿರುವ ಯಾರಾದರೂ ನಿಮ್ಮ ಓಣಿಯಲ್ಲಿ ಇದ್ದಾರೆಯೇ? ಈ ಪುಟ ಓದುವ ನೀವೇ ಇದ್ದೀರಿ. ಸ್ಕಾಲರ್‌ಶಿಪ್‌ಗೆ, ಪರೀಕ್ಷೆಗೆ, ಕೆಲಸಕ್ಕೆ ಎಷ್ಟೊಂದು ಅರ್ಜಿ ಹಾಕಿದ ಅನುಭವ ನಮಗಿದೆ. ಅದರಲ್ಲಿ ಒಂದು ದಿನವನ್ನು ಪಕ್ಕದ ಮನೆಯವರಿಗೆ ಕೊಟ್ಟರೆ ನಾಲ್ಕು ಓಡಾಟ ಎರಡಾಗಬಹುದು. ಆದರೆ ಒಂದು ಎಚ್ಚರ ಇರಲಿ: ಅವರ ಕಾಯಿಲೆಯ ಮಾತು ಕಟ್ಟೆಯ ಮೇಲೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿಯಬಾರದು. ಗೋಪ್ಯತೆಯೂ ಅವರ ಹಕ್ಕು.

ಉದ್ಯೋಗ ಹುಡುಕುತ್ತಿರುವವರಿಗೂ ಇಲ್ಲಿ ದಾರಿಯಿದೆ. ಎಂಎಸ್‌ಡಬ್ಲ್ಯು, ಮನಶ್ಶಾಸ್ತ್ರ, ನರ್ಸಿಂಗ್ ಓದಿದವರಿಗೆ ಈ ತಂಡಗಳಲ್ಲಿ ಹುದ್ದೆಗಳಿವೆ. ಬಹಳಷ್ಟು ಗುತ್ತಿಗೆಯವು, ಸಂಬಳ ದೊಡ್ಡದಲ್ಲ ಎಂಬುದು ನಿಜ. ಆದರೆ ನಮ್ಮ ಕಡೆಯ ಕನ್ನಡ, ಉರ್ದು, ಲಂಬಾಣಿ, ತೆಲುಗು ಮಾತು ಬಲ್ಲ ಕಾರ್ಯಕರ್ತರ ಮುಂದೆ ರೋಗಿ ಬಾಯಿಬಿಡುವಷ್ಟು ಸಲೀಸಾಗಿ ಹೊರಗಿನಿಂದ ಬಂದವರ ಮುಂದೆ ಬಿಡಲಾರ.

ಕೊನೆಯದಾಗಿ, ನಿಮ್ಮ ಮೊಬೈಲ್‌ನಲ್ಲಿ ಈಗಲೇ ಉಳಿಸಿಕೊಳ್ಳಬೇಕಾದ ಸಂಖ್ಯೆ 14416. ಇದು ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆ ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಸಿಗುತ್ತದೆ. ಪುಣೆಯಲ್ಲಿ ದುಡಿಯುವ ಅಣ್ಣನೂ ಕರೆ ಮಾಡಬಹುದು. ಬೇರೆಯವರಿಗಾಗಿ ಮಾತ್ರವಲ್ಲ, ಫಲಿತಾಂಶ ಬಂದ ರಾತ್ರಿ, ಮೂರನೇ ಸಲವೂ ಆಯ್ಕೆಪಟ್ಟಿಯಲ್ಲಿ ಹೆಸರು ಕಾಣದ ರಾತ್ರಿ ನಿಮಗೇ ಉಸಿರು ಕಟ್ಟಿದಂತಾದರೆ ಆಗಲೂ ಈ ಸಂಖ್ಯೆ ನಿಮ್ಮದೇ.