ವಾಂತಿ-ಭೇದಿ ಆದಾಗ ನೀರು ನಿಲ್ಲಿಸಬೇಡಿ



ಮಳೆಗಾಲದಲ್ಲಿ ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಗುಡ್ಡೆಯಿಂದ, ತೋಟದಿಂದ ಹರಿದ ಕೆಂಪು ನೀರು ಬಾವಿಗೂ ಇಳಿಯುವುದುಂಟು. ಅದರ ಹಿಂದೆಯೇ ವಾಂತಿ-ಭೇದಿ. ಆಗ ನಾವು ಮಾಡುವ ದೊಡ್ಡ ತಪ್ಪು ಯಾವುದು ಗೊತ್ತಾ? "ನೀರು ಕೊಟ್ಟರೆ ಭೇದಿ ಜಾಸ್ತಿ ಆಗ್ತದೆ" ಅಂತ ಮಗುವಿಗೆ ನೀರು, ಊಟ ಎರಡನ್ನೂ ನಿಲ್ಲಿಸುವುದು.

ಭೇದಿಯಲ್ಲಿ ಜೀವಕ್ಕೆ ಅಪಾಯ ಬರುವುದು ಹೆಚ್ಚಾಗಿ ಶರೀರದ ನೀರು ಮತ್ತು ಲವಣ ಹೊರಗೆ ಹೋಗುವುದರಿಂದ. ಹೋದದ್ದನ್ನು ತುಂಬಿಸುವುದೇ ಮುಖ್ಯ ಆರೈಕೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಸಲೈನ್ ಸಾಲದೆ ಹೋಯಿತು. ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಗ್ಲೂಕೋಸ್ ಜೊತೆ ಸೇರಿದರೆ ಕರುಳು ಉಪ್ಪನ್ನೂ ನೀರನ್ನೂ ಬೇಗ ಹೀರುತ್ತದೆ. ಓ.ಆರ್.ಎಸ್. ಕೆಲಸ ಮಾಡುವುದು ಹೀಗೆ.

ಮನೆಯಲ್ಲಿ ಏನು ಮಾಡಬೇಕು?

1. ಕುದಿಸಿ ಆರಿಸಿದ ನೀರಿಗೆ ಓ.ಆರ್.ಎಸ್. ಪುಡಿ ಪೂರ್ತಿ ಹಾಕಿ. ನೀರು ಪ್ಯಾಕೆಟ್ ಮೇಲೆ ಬರೆದಷ್ಟೇ ಇರಲಿ. 24 ಗಂಟೆ ಕಳೆದರೆ ಚೆಲ್ಲಿಬಿಡಿ.

2. ಪ್ರತಿ ಭೇದಿಯ ನಂತರ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಕೊಡಿ. ವಾಂತಿ ಮಾಡಿದರೆ 10 ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕುಡಿಸಿ.

3. ಪ್ಯಾಕೆಟ್ ಇಲ್ಲವೇ? 1 ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಉಪ್ಪು ಹಾಕಿದ ಗಂಜಿ ತಿಳಿ, ಮಜ್ಜಿಗೆಯೂ ಒಳ್ಳೆಯದು.

4. ಎದೆಹಾಲು ನಿಲ್ಲಿಸಬೇಡಿ. ಊಟ ಮಾಡುವ ಮಗುವಿಗೆ ಮೆತ್ತಗಿನ ಗಂಜಿ, ಬಾಳೆಹಣ್ಣು ಕೊಡಿ.

5. ಆಶಾ ಕಾರ್ಯಕರ್ತೆ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿ ಮಕ್ಕಳಿಗೆ ಕೊಡಬೇಡಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು: ಕಣ್ಣು ಗುಳಿಬೀಳುವುದು, ಅತ್ತರೂ ಕಣ್ಣೀರು ಬಾರದಿರುವುದು, 6 ಗಂಟೆ ಮೂತ್ರ ಹೋಗದಿರುವುದು, ಮಗು ಮಂಕಾಗುವುದು, ಕುಡಿಯಲಾಗದಿರುವುದು, ಮಲದಲ್ಲಿ ರಕ್ತ, ಬಿಡದ ವಾಂತಿ, ಜೋರು ಜ್ವರ. 108ಕ್ಕೆ ಫೋನ್ ಮಾಡಿ. ದಾರಿಯಲ್ಲೂ ಮಗು ಕುಡಿಯುವುದಾದರೆ ಕುಡಿಸುತ್ತಾ ಹೋಗಿ.

ನಮ್ಮ ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಲೆಕ್ಕದ ಜೊತೆ ಇದನ್ನೂ ಕೇಳೋಣ: ಯಾರ ಮನೆಯಲ್ಲಿ ಓ.ಆರ್.ಎಸ್. ಇದೆ? ಯಾರ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ ಆಗಿದೆ? ಸಂಘದ ಪೆಟ್ಟಿಗೆಯಲ್ಲಿ ನಾಲ್ಕು ಪ್ಯಾಕೆಟ್ ಇದ್ದರೆ ರಾತ್ರಿ ಹೊತ್ತಿಗೆ ಯಾವುದೋ ಒಂದು ಮಗುವಿಗೆ ಆದೀತು.